ಸಿಕ್ಕಿದ್ದನ್ನೆಲ್ಲ ಒಳಗೆಳೆದುಕೊಳ್ಳುವ ಕಿಡ್ನಿ

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೋಣೆಯ ಹೊರಗೆ, ನಾನು ಕೂತಿದ್ದ ಬೆಂಚಿನಲ್ಲೇ ಒಬ್ಬರು ಬಡಗಿಯೂ ಅವರ ಅಕ್ಕನ ಮಗಳೂ ಕೂತಿದ್ದರು. ಅವಳು ಕಿಡ್ನಿಯ ಮೇಲೇ ಸಂಶೋಧನೆ ಮಾಡುವವಳೆಂದು ಮಾತಿನಲ್ಲೇ ತಿಳಿಯಿತು.

“ಜ್ವರ ಬಿಟ್ಟಿದೆ, ಗಾಯ ಒಣಗಿದೆ. ಚುಚ್ಚಿಸ್ಕೊಂಡು ಸಾಕಾಯ್ತು. ಮನೆಗೆ ನಡಿಯೇ.”

“ಮಾವ, ನಿಮಗೆ ಕೊಡ್ತಿರೋ ಇಂಜೆಕ್ಷನ್ ಗಾಯ ವಾಸಿ ಮಾಡುತ್ತೆ, ಆದ್ರೆ ಕಿಡ್ನಿಗೂ ಏಟು ಕೊಡಬಹುದು. ರಕ್ತ ಪರೀಕ್ಷೆ ಮಾಡಿಸಿ ನೋಡಬೇಕಲ್ಲ.”

“ಅದ್ಯಾಕೆ ಕಿಡ್ನಿಗೇ ಹೋಗಿ ಬಡಿಯುತ್ತೆ?”

“ಕಿಡ್ನಿಯ ಜೀವಕೋಶಗಳೇ ಅದನ್ನ ಒಳಗೆ ಎಳ್ಕೊಳ್ತವೆ. ಸೋಸಿದ ನೀರಲ್ಲಿ ಒಳ್ಳೇ ಪ್ರೋಟೀನ್ ಪೋಲಾಗಬಾರದು ಅಂತ ಅವಕ್ಕೆ ಒಂಥರಾ ಕೊಕ್ಕೆ ಇರುತ್ತೆ. ಔಷಧಿನೂ ಅದೇ ಕೊಕ್ಕೆಗೆ ಸಿಕ್ಕಿಬೀಳುತ್ತೆ.”

“ಸಿಕ್ಕಿದ್ರೆ ಆಚೆ ಬಿಸಾಕಬೇಕಪ್ಪ.”

“ಬಿಸಾಕಲ್ಲ, ಒಳಗೇ ಪೇರಿಸಿಡ್ತವೆ. ನೀವು ಕಂಡವರ ಮುರುಕು ಕುರ್ಚಿನೆಲ್ಲ ಹೊತ್ಕೊಂಡು ಬಂದು ಅಟ್ಟಕ್ಕೆ ತುಂಬಿಲ್ವಾ, ಹಾಗೆ. ಜಾಸ್ತಿ ಆದ್ರೆ ಅಟ್ಟನೇ ಕುಸಿಯುತ್ತೆ.”

“ಎಲಾ ಇವಳ! ನಿಮ್ಮತ್ತೆ ಹೇಳ್ಕೊಟ್ಟು ಕಳಿಸಿದ್ಲಾ?”

“ಅಟ್ಟದ ಮಾತು ಅತ್ತೇದು, ಕಿಡ್ನಿ ವಿಷಯ ನಂದು. ರಕ್ತ ನೋಡಿದ್ರೆ ಕಿಡ್ನಿ ಸೋತಿದೆಯಾ ಅಂತ ಗೊತ್ತಾಗುತ್ತೆ. ಸೋತಿದ್ರೆ ಡಾಕ್ಟ್ರು ಈಗಲೇ ಔಷಧಿ ಬದಲಾಯಿಸ್ತಾರೆ. ತಡ ಮಾಡಿದ್ರೆ ಕಷ್ಟ ಮಾವ.”

ಕೊನೆಯ ಮಾತು ಹೇಳುವಾಗ ಅವಳು ನಗುತ್ತಿರಲಿಲ್ಲ. ಅಷ್ಟರಲ್ಲಿ ನರ್ಸ್ ಕರೆದರು. ಬಡಗಿ ಎದ್ದು ಒಂದು ಕೈಯ ಅಂಗಿ ತೋಳು ಮಡಚಿಕೊಂಡು, ಇನ್ನೊಂದು ಕೈಯಲ್ಲಿ ಹುಡುಗಿಯ ಕೈ ಹಿಡಿದರು.

“ಯಾರಾದ್ರೂ ಕೇಳಿದ್ರೆ, ಸೂಜಿ ಕಂಡ್ರೆ ಭಯ ಇರೋದು ನಿನಗೆ. ತಿಳೀತಾ?”

“ಆಯ್ತು ಮಾವ, ನನಗೇ.”

ಕೈ ಬಿಡದೆಯೇ ಇಬ್ಬರೂ ಒಳಗೆ ಹೋದರು.