ಹತ್ತೂ ನಲವತ್ತರ ಫೋನು

...ಅವತ್ತು ಕೆಮ್ಮಿ ಕೆಮ್ಮಿ ನಿಂತೇ ಹೋಯ್ತಲ್ಲಯ್ಯ ಆವುಲಪ್ಪ, ನಮ್ಮ ಜೀಪು! ಸೀಮೆಣ್ಣೆ ಕಳ್ಳರನ್ನ ಹಿಡಿಯಕ್ಕೆ ಹೊರಟ ಸರ್ಕಾರಿ ಜೀಪು, ಸೀಮೆಣ್ಣೆ ಬೆರೆಸಿದ ಡೀಸೆಲ್ ಕುಡಿದು ದಾರೀಲಿ ಮಲಗೋದು ಅಂದ್ರೆ... ಥೂ! ಇಪ್ಪತ್ತೆರಡು ವರ್ಷ ಫುಡ್ ಇನ್ಸ್‌ಪೆಕ್ಟರ್ ಆಗಿದ್ದೀನಿ, ಇಂಥಾ ಹೇಸಿಗೆ ನೋಡಿರ್ಲಿಲ್ಲ.

ಬೇಡಮ್ಮ ಗಂಗುಲಮ್ಮ, ಟೀ ಬೇಡ. ಕುಡ್ಕೊಂಡೇ ಬಂದೆ. ನೀನು ಒಳಗೆ ಹೋಗಮ್ಮ, ನಿನ್ನ ಗಂಡನ ಹತ್ರ ಒಂದೆರಡು ಮಾತಾಡ್ಬೇಕು... ಆಫೀಸಿಂದು.

ಹ್ಞೂಂ, ಏನ್ ಹೇಳ್ತಿದ್ದೆ? ಕೋಲಾರದಿಂದ ಬಿಡಿಸಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆ ಮಾಡಿದ್ರು. ಬೋರ್ಡು ಬಂತು, ಕುರ್ಚಿ ಬಂತು, ಜೀಪು ಬಂತಾ? ಆರು ತಾಲ್ಲೂಕಿಗೆ ಅದೇ ಒಂದು ಹಳೇ ಜೀಪು. ಅದಕ್ಕೆ ಡ್ರೈವರು ನೀನು, ಅದೂ ದಿನಗೂಲಿ. ಡೀಸೆಲ್ ಕೂಪನ್ನು? ಗೌರಿಬಿದನೂರಿಗೊಂದು ಸಲ, ಚಿಂತಾಮಣಿಗೊಂದು ಸಲ ಹೋಗ್ಬಂದ್ರೆ ತಿಂಗಳಿಂದು ಮುಗೀತು. ಅದನ್ನಾದ್ರೂ ಯಾವ ಬಂಕಿಗೆ ಬರ್ಕೊಟ್ಟಿದ್ದಾರೆ? ಕಳ್ಳ ಎಣ್ಣೆ ಹೋಗಿ ಸೇರೋ ಬಂಕಿಗೇ! ಟೆಸ್ಟ್ ಮಾಡಕ್ಕೆ ಅಂತ ಮದ್ದು ಕೊಟ್ಟಿದ್ದಾರಲ್ಲ... ಕಲಬೆರಕೆ ಇದ್ರೆ ಗುಲಾಬಿ ಬಣ್ಣಕ್ಕೆ ತಿರುಗಬೇಕಂತೆ. ಡೇಟು ಮುಗಿದು ವರ್ಷವಾಯ್ತು! ನೀರಿಗೆ ಹಾಕಿದ್ರೂ ಅಷ್ಟೇ, ಎಣ್ಣೆಗೆ ಹಾಕಿದ್ರೂ ಅಷ್ಟೇ. ಸ್ಯಾಂಪಲ್ಲು ಲ್ಯಾಬಿಗೆ ಕಳಿಸ್ತೀಯಾ? ರಿಪೋರ್ಟ್ ಬರೋ ಹೊತ್ತಿಗೆ ಬಂಕಿನೋನ ಮಗಳ ಮದ್ವೆ ಆಗಿ ಸೀಮಂತವೂ ಮುಗಿದಿರುತ್ತೆ.

ನಿನ್ನ ನಾಲಿಗೇನೇ ನಮ್ಮ ಲ್ಯಾಬು ಕಣೋ. ಹೌದು ಮತ್ತೆ! ಅವತ್ತು ದಿಬ್ಬೂರಹಳ್ಳಿ ಹತ್ರ ಬಾನೆಟ್ ಎತ್ತಿ, ಪೈಪ್ ಬಿಚ್ಚಿ, ಬಾಯಲ್ಲಿ ಎಳೆದು, ರಸ್ತೆಗೆ ಉಗಿದು ಏನಂದೆ? 'ಅರ್ಧಕ್ಕರ್ಧ ಸೀಮೆಣ್ಣೆ ಸಾರ್.' ಮೂರು ತಿಂಗಳ ರಿಪೋರ್ಟು ಒಂದೇ ಗುಟುಕಲ್ಲಿ! ಬಡವರ ಸ್ಟೌವಿಗೆ, ಬುಡ್ಡಿ ದೀಪಕ್ಕೆ ಅಂತ ರೇಷನ್ ಅಂಗಡೀಲಿ ಕೊಡೋ ಎಣ್ಣೆ. ಕದ್ರೆ ಗೊತ್ತಾಗ್ಲಿ ಅಂತಾನೇ ಸರ್ಕಾರ ಅದಕ್ಕೆ ನೀಲಿ ಬಣ್ಣ ಹಾಕೋದು. ಆ ಬಣ್ಣಾನೇ ತೊಳೆದು ತೆಗೆದು ಡೀಸೆಲ್ಲಿಗೆ ಸೇರಿಸ್ತಾರಲ್ಲ... ಇವರೆಲ್ಲ ಅನ್ನ ತಿಂತಾರಾ?

ನಾವು ರೈಡಿಗೆ ಹೊರಟಿದ್ದ ಆ ಶೆಡ್ಡು ನೋಡು. ಹಳೇ ರೇಷ್ಮೆ ಫಿಲೇಚರ್ರು, ಗೂಡಿಂದ ನೂಲು ಬಿಚ್ತಿದ್ದ ಜಾಗ. ಬಾಗಿಲ ಮುಂದೆ ಸತ್ತ ಹುಳದ ರಾಶಿ, ಬೇಕೂಂತಲೇ ಕೊಳೆಯಕ್ಕೆ ಬಿಟ್ಟಿರೋದು! ಆ ನಾತದಲ್ಲಿ ಸೀಮೆಣ್ಣೆ ವಾಸನೆ ಯಾರ ಮೂಗಿಗೆ ಹತ್ತುತ್ತೆ? ಒಳಗೆ ಸಾಲಾಗಿ ಡ್ರಮ್ಮು, ಡ್ರಮ್ಮಲ್ಲಿ ಒಂಥರಾ ಜೇಡಿಮಣ್ಣಿನ ಪುಡಿ. ಮೇಲಿಂದ ನೀಲಿ ಎಣ್ಣೆ ಹುಯ್ತಾರೆ, ಕೆಳಗಿನ ನಲ್ಲೀಲಿ ತೊಟ್ಟು ತೊಟ್ಟಾಗಿ ಇಳಿಯುತ್ತೆ, ಬಾವಿ ನೀರಿನ ಥರ ತಿಳಿ...

ಏನು? ಯಾಕೆ ಹಂಗೆ ನೋಡ್ತೀಯ? ನಾವು ಹೋದಾಗ ಒಂದು ಡ್ರಮ್ಮೂ ಇರ್ಲಿಲ್ಲ ಅಂತಾನಾ? ಹೌದು, ಇರ್ಲಿಲ್ಲ. ಎರಡು ಗಂಟೇಲಿ ಎಲ್ಲಾ ಎತ್ತಿ, ನೆಲ ತೊಳೆದು ಫಿನಾಯಿಲ್ ಹಾಕಿದ್ರು. ನೆಲ ಇನ್ನೂ ಒದ್ದೆ ಇತ್ತು. ನಾನು... ಇಷ್ಟು ವರ್ಷ ಸರ್ವೀಸು ಕಣಯ್ಯ, ಅವರಿವರಿಂದ ಕೇಳಿ ತಿಳ್ಕೊಂಡಿರಲ್ವಾ?

ಇರ್ಲಿ ಬಿಡು. ಬಂದ ವಿಷಯ ಹೇಳ್ತೀನಿ. ತನುಜ ಮೇಡಂ ಇದ್ದಾರಲ್ಲ, ರೈಡಿನ ಸುದ್ದಿ ಯಾರು ಮುಟ್ಟಿಸಿದ್ರು ಅಂತ ಎನ್‌ಕ್ವೈರಿ ಮಾಡ್ತಿರೋರು, ಬಿಡೋ ಹೆಂಗಸಲ್ಲ ಅದು. ಶೆಡ್ಡಿನ ಫೋನಿಗೆ ಅವತ್ತು ಎಲ್ಲೆಲ್ಲಿಂದ ಕಾಲ್ ಬಂದಿದೆ ಅಂತ ಪಟ್ಟಿ ತರಿಸಿದ್ದಾರೆ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಒಂದು ಫೋನು. ಎಲ್ಲಿಂದ? ದಿಬ್ಬೂರಹಳ್ಳಿ ಅಂಗಡಿ ಮುಂದಿನ ಕಾಯಿನ್ ಬಾಕ್ಸಿಂದ. ಜೀಪು ಕೆಟ್ಟು ನಿಂತಿದ್ದೂ ಅಲ್ಲೇ. ರೈಡು ಎಲ್ಲಿಗೆ ಅಂತ ಗೊತ್ತಿದ್ದಿದ್ದು ಇಬ್ಬರಿಗೆ. ನನಗೆ, ನಿನಗೆ.

ನಾನಂತೂ ಮಾಡಿಲ್ಲ. ಮಾಡಿಲ್ಲ ಕಣೋ! ಬೇಕಾದ್ರೆ ನನ್ನ ಮೊಬೈಲ್ ನೋಡ್ಕೊಳ್ಳಿ ಅಂತ ಮೇಡಂ ಟೇಬಲ್ ಮೇಲೇ ಇಟ್ಟುಬಂದೆ.

ಅದಕ್ಕೇ ಈ ಕಾಗದ, ನಿನ್ನ ಹೆಸರಲ್ಲಿ. ಓದ್ತೀನಿ, ಕೇಳು. 'ಶೆಡ್ಡಿನ ಕಾವಲುಗಾರ ಬಯ್ಯಪ್ಪನು ನನಗೆ ಪರಿಚಯಸ್ಥನಾದ್ದರಿಂದ, ಜೀಪು ಕೆಟ್ಟು ನಿಂತ ಸಮಯದಲ್ಲಿ ಅವನಿಗೆ ಫೋನು ಮಾಡಿ, ದಾಳಿಯ ವಿಷಯವನ್ನು ಬಾಯಿತಪ್ಪಿ ಹೇಳಿರುತ್ತೇನೆ. ಇದರಲ್ಲಿ ಇನ್ಸ್‌ಪೆಕ್ಟರ್ ನರಸಿಂಹಪ್ಪನವರ ಪಾತ್ರವಿರುವುದಿಲ್ಲ.' ಅಷ್ಟೇ. ಬಾಯಿತಪ್ಪಿ ಅಂತ ಬರೆಸಿದ್ದೀನಿ, ಪೊಲೀಸು ಕೇಸು ಆಗಲ್ಲ.

ಕೆಲಸ ಹೋಗುತ್ತೆ, ನಿಜ. ಹದಿನಾರು ವರ್ಷ ಕಾದಿದ್ದೀಯ, ಪರ್ಮನೆಂಟ್ ಆರ್ಡರು ಈ ತಿಂಗಳು ಬರೋದಿತ್ತು, ಅದೂ ನಿಜ. ಆರು ತಿಂಗಳು ಸುಮ್ನಿರು. ಇನ್ನೊಂದು ಆಫೀಸಲ್ಲಿ ಹಾಕಿಸ್ತೀನಿ. ನನ್ನ ಮಾತು ನಂಬಲ್ವಾ?

ಮಾತಾಡಯ್ಯ! ಆಗಲ್ಲ ಅಂತಾನಾದ್ರೂ ಅನ್ನು. ಏಂ ಚೇಸೇದಪ್ಪಾ, ಏನ್ ಮಾಡೋದು ಹೇಳು!

ಮತ್ತೆ ಹಂಗೇ ನೋಡ್ತೀಯಲ್ಲ! ನಿನ್ನ ತಲೆ ಬಾನೆಟ್ ಒಳಗಿತ್ತು, ಬಾಯಲ್ಲಿ ಪೈಪಿತ್ತು, ಅಂಗಡಿ ನಿನ್ನ ಬೆನ್ನ ಹಿಂದೆ... ಕಾಣೋ ಹಂಗೇ ಇರ್ಲಿಲ್ಲ ನಿನಗೆ. ಅಂದ್ರೆ... ಬೇರೆ ಯಾರು ಫೋನ್ ಹತ್ರ ಹೋಗಿದ್ರೂ ಕಾಣ್ತಿರ್ಲಿಲ್ಲ ಅಂತ ಹೇಳ್ದೆ.

ಕಂಡಿತ್ತಾ?

...ಕಂಡಿತ್ತು. ನಿನ್ನ ಮುಖಾನೇ ಹೇಳ್ತಿದೆ.

ಒಂದೇ ನಿಮಿಷ ಕಣೋ. 'ಚಿರೂ, ಬರ್ತಿದ್ದೀವಿ, ಎಲ್ಲಾ ಎತ್ಬಿಡು' ಅಂದೆ, ಇಟ್ಟೆ. ಚಿರಂಜೀವಿ... ನನ್ನ ಹೆಂಡ್ತಿ ಕವಿತನ ತಮ್ಮ. ಶೆಡ್ಡು ಅವನದು. ಹೋದ ಯುಗಾದಿಗೆ ಕರ್ಕೊಂಡೋಗಿ ತೋರಿಸ್ದ, ಹೊಸ ಮನೆ ತೋರಿಸೋ ಹಂಗೆ, ಹೆಮ್ಮೆಯಿಂದ! ಅವತ್ತೇ ಬಾಯಿಗೆ ಬಂದಂಗೆ ಬೈದೆ. ಬೈದು... ಅವನ ಮನೇಲೇ ಕೂತು ಹೋಳಿಗೆ ಊಟ ಮಾಡ್ಕೊಂಡು ಬಂದೆ. ಅವನನ್ನ ಜೈಲಿಗೆ ಹಾಕಿಸಿ, ಸಂಜೆ ಮನೆಗೆ ಹೋಗಿ ಅವಳ ಮುಖ ಹೆಂಗಯ್ಯ ನೋಡ್ಲಿ? ಥೂ, ನನ್ನ ಜನ್ಮಕ್ಕಿಷ್ಟು!

ಮೇಡಂ ಮೂರು ಸಲ ಕರೆಸಿ ಕೇಳಿದ್ರಲ್ಲ ನಿನ್ನ? 'ಸಾಹೇಬ್ರು ಮಾಡಿದ್ರು' ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಯಾಕೆ ಅನ್ಲಿಲ್ಲ? ನಾನೇ ಹೋಗಿ ಒಪ್ಕೊಳ್ತೀನಿ ಅಂತ ಕಾದ್ಯಾ? ಹೌದೇನೋ? ಇವತ್ತು ನಾನು ಬಂದಾಗ ಎದ್ದುಬಂದು ಚೇರ್ ಒರೆಸಿ ಹಾಕಿದ್ದು... ಒಪ್ಕೊಳ್ಳಕ್ಕೆ ಬಂದಿದ್ದೀನಿ ಅಂದ್ಕೊಂಡಾ?

ಪೆನ್ನು ಯಾಕೆ ತಗೊಂಡೆ? ತಡಿ... ತಡಿ ಕಣೋ ಆವುಲಪ್ಪ. ಹಂಗೆ ಬಾಯಿ ಮುಚ್ಕೊಂಡು ಸೈನ್ ಹಾಕ್ಬೇಡ. ಒಂದು ಸಲ ಬೈದ್ಬಿಡು. ಮುಖಕ್ಕೆ ಉಗಿ, ಒರೆಸ್ಕೊಂಡು ಹೋಗ್ತೀನಿ, ನಿನ್ನಾಣೆ.

ಹಾಕೇ ಬಿಟ್ಯಾ.

ಕೊಡಿಲ್ಲಿ. ಆವುಲಪ್ಪ... ಕೆಳಗೆ ತಾರೀಖು ಬರೆದಿಲ್ಲ ನೀನು. ತಾರೀಖು ಹಾಕು.