ಮಂದಾಕಿನಿಯ ಲೋಟ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ಬಂದ ಅತಿಥಿಗಳೇ, ಮಹಿಳಾ ಮಂಡಳಿಯ ಸೋದರಿಯರೇ, ಊಟದ ವಾಸನೆ ಬಂದರೂ ಕದಲದ ಸಭಿಕರೇ,

ನಾನು ಗೋದಾವರಿ. ಕಲಬುರಗಿಯಲ್ಲಿ ಮೆಟ್ರಿಕ್ ಓದಿದವಳು. ಇಂದು ನೀವು ಸನ್ಮಾನಿಸುತ್ತಿರುವ ಮಂದಾಕಿನಿ ನನ್ನ ಸೊಸೆ. ತೆಲುಗು ನಾಡಿನ ಈ ರಾಜಧಾನಿಯಲ್ಲಿ ಕನ್ನಡದ ಹೆಸರು ಬೆಳಗಿದಳೆಂದು ಅಧ್ಯಕ್ಷರು ಈಗ ತಾನೇ ಹೇಳಿದರು. ಇರಬಹುದು. ಅವಳು ಹೈಡ್ರೋಜನ್ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರ ಮಾಡಿದ್ದಾಳೆ. ಅದರಿಂದ ಹೊಗೆ ಬರುವುದಿಲ್ಲ, ನೀರು ಬರುತ್ತದೆ. ಆ ನೀರೇ ಈ ಟೇಬಲ್ಲಿನ ಮೇಲಿನ ಸ್ಟೀಲ್ ಲೋಟದಲ್ಲಿದೆ.

ಇದನ್ನು ನಾನು ನಿಮ್ಮೆಲ್ಲರ ಎದುರು ಕುಡಿಯಬೇಕಂತೆ. "ಅತ್ತೀ, ನನಗ ಶಾಲೂ ಬ್ಯಾಡ, ಹಾರಾನೂ ಬ್ಯಾಡ. ನೀವು ಒಂದು ಗುಟುಕು ಕುಡದ್ರ ಸಾಕ್ರಿ" ಎಂದಳು. ಭಾಷಣ ಮುಗಿದ ಮೇಲೆ ನೋಡೋಣ ಎಂದಿದ್ದೇನೆ. ಅಲ್ಲಿಯವರೆಗೆ ಯಾರೂ ಲೋಟ ಮುಟ್ಟಬಾರದು.

ಅವಳು ಈ ಕೆಲಸಕ್ಕೆ ಸೇರಿದಂದಿನಿಂದ ನಾನು ಅವಳ ಕೈಯಿಂದ ನೀರು ತೆಗೆದುಕೊಂಡಿಲ್ಲ. ಇದು ಮಡಿಯ ವಿಷಯವೆಂದು ನೀವು ತಿಳಿಯಬಹುದು. ಸ್ನಾನ ಮಾಡಿದರೆ ಮೈಲಿಗೆ ಹೋಗುತ್ತದೆ. ಆ ಗಾಳಿ ಹೋಗುತ್ತದೆಯೇ?

ಗಾಳಿಯ ಚರಿತ್ರೆ ಹೇಳಬೇಕೆಂದು ಆಮಂತ್ರಣದಲ್ಲಿದೆ. ನಾನು ಅಕ್ಕಿ ಆರಿಸುವಾಗ ಮಂದಾಕಿನಿ ಅಡುಗೆಮನೆಯ ಹೊಸ್ತಿಲಾಚೆ ನಿಂತು ಹೇಳಿದ್ದನ್ನೇ ಹೇಳುತ್ತೇನೆ. ಇನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬರು ಲೋಹದ ಮೇಲೆ ಆಮ್ಲ ಸುರಿದು ಈ ಗಾಳಿ ಹಿಡಿದರು. ಫ್ರಾನ್ಸಿನವರು ಇದಕ್ಕೆ ನೀರು ಹುಟ್ಟಿಸುವುದು ಎಂದು ಹೆಸರಿಟ್ಟರು. ಅಲ್ಲಿಯೇ ಇದನ್ನು ಬಲೂನಿಗೆ ತುಂಬಿ ಹಾರಿಸಿದರು. ಅದು ಒಂದು ಹಳ್ಳಿಯಲ್ಲಿ ಬಿದ್ದಾಗ ಜನ ದೆವ್ವವೆಂದು ಕವೆಗೋಲಿನಿಂದ ತಿವಿದರು. ನಾನಿದ್ದರೂ ತಿವಿಯುತ್ತಿದ್ದೆ. ಆಮೇಲೆ ಇನ್ನೊಬ್ಬರು ಈ ಗಾಳಿಯನ್ನು ಸುಡದೆಯೇ ಪ್ರಾಣವಾಯುವಿನೊಡನೆ ಕೂಡಿಸಿ ಕರೆಂಟು ತೆಗೆದರು. ಕಲ್ಲಿದ್ದಲು ಅಗ್ಗವಿತ್ತು, ಯಾರಿಗೂ ಇದು ಬೇಕಾಗಲಿಲ್ಲ. ನೂರು ವರ್ಷ ಮೂಲೆಗೆ ಬಿತ್ತು. ಕೊನೆಗೆ ಚಂದ್ರನಲ್ಲಿಗೆ ಹೋದವರು ಅಂಥದೇ ಯಂತ್ರ ಒಯ್ದರು. ದಾರಿಯಲ್ಲಿ ಅದರ ನೀರೇ ಕುಡಿದರು.

"ಅವರು ಕುಡದ್ರಲ್ರೀ, ಅತ್ತೀ?"

"ಅವರಿಗೆ ಅಲ್ಲಿ ಬ್ಯಾರೆ ಬಾವಿ ಇತ್ತೇನು?"

ನನಗೆ ಈ ಗಾಳಿ ಹೊಸದಲ್ಲ. ನನ್ನ ಯಜಮಾನರು ನರಹರಿರಾಯರು ಇದೇ ಊರಿನಲ್ಲಿ ಹವಾಮಾನದ ಬಲೂನುಗಳಿಗೆ ಇದನ್ನೇ ತುಂಬುತ್ತಿದ್ದರು. ಬೆಳಿಗ್ಗೆ ಅವರ ಬಲೂನು ಮೇಲೇರಿದ್ದನ್ನು ಮಾಳಿಗೆಯಿಂದ ನೋಡಿದ ಮೇಲೆಯೇ ನಾನು ಒಲೆ ಹಚ್ಚುತ್ತಿದ್ದೆ. ಗಾಳಿಯ ದಿಕ್ಕು ತಿಳಿಯಲಿಕ್ಕೆ, ಬೇರೇನಿಲ್ಲ.

ಈ ಗಾಳಿಯ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಅವರು ಕೊಳವೆಯ ಹತ್ತಿರ ಹೋಗುವಾಗ ಕಸಬರಿಗೆಯ ಕಡ್ಡಿಯನ್ನು ಮುಂದೆ ಹಿಡಿದು ಹೋಗುತ್ತಿದ್ದರು. ಕಡ್ಡಿ ಹೊತ್ತಿಕೊಂಡರೆ ಅಲ್ಲಿ ಬೆಂಕಿ. ಕಡ್ಡಿ ಒಯ್ದು ಒಯ್ದು ನಮ್ಮ ಮನೆಯ ಕಸಬರಿಗೆಗಳು ಬೋಳಾಗುತ್ತಿದ್ದವು. ಒಂದು ದಿನ ಕಡ್ಡಿ ಹಿಡಿಯದೆ ಹೋದರು. ಬಲಗೈ ಸುಟ್ಟಿತು.

"ಗಾಳೀದೇನೂ ತಪ್ಪಿಲ್ಲ, ಗೋದಾ. ಕಡ್ಡಿ ಮರತೆ" ಎಂದರು. ಆ ಬೆರಳುಗಳು ಮತ್ತೆ ಲೋಟ ಹಿಡಿಯಲಿಲ್ಲ. ಕೊನೆಯವರೆಗೂ ಅವರಿಗೆ ನಾನೇ ನೀರು ಕುಡಿಸಿದೆ. ಎಡಗೈಯಿಂದ ಕುಡಿಯಬಹುದಲ್ಲ ಎಂದು ಡಾಕ್ಟರು ಕೇಳಿದರು. ನಮ್ಮಲ್ಲಿ ಹಾಗೆ ಕುಡಿಯುವುದಿಲ್ಲ ಎಂದೆ. ಯಜಮಾನರು ನಕ್ಕರು.

ಆ ಕೈ ನೋಡುತ್ತಲೇ ಮಂದಾಕಿನಿ ನಮ್ಮ ಮನೆಯಲ್ಲಿ ಬಾಳಿದಳು. ನೋಡಿಯೂ ಅದೇ ಗಾಳಿಯ ಕೆಲಸಕ್ಕೆ ಸೇರಿದಳು. ಊರಿನಲ್ಲಿ ಬ್ಯಾಂಕು ಇರಲಿಲ್ಲವೇ? ಶಾಲೆ ಇರಲಿಲ್ಲವೇ? ಸಂಜೆ ಅವಳ ಬಸ್ಸು ನಮ್ಮ ಬಡಾವಣೆ ಕೂಕಟ್‌ಪಲ್ಲಿಯಲ್ಲಿ ನಿಲ್ಲುವವರೆಗೆ ನಾನು ಬಾಲ್ಕನಿಯಲ್ಲಿ ನಿಂತಿರುತ್ತೇನೆ. ಸೊಪ್ಪಿನವನಿಗಾಗಿ. ಸೊಪ್ಪಿನವನು ಬೆಳಿಗ್ಗೆ ಬರುತ್ತಾನೆಂದು ನನ್ನ ಮಗ ಪ್ರಹ್ಲಾದ ಹೇಳುತ್ತಾನೆ. ಸೊಪ್ಪಿನ ವಿಷಯ ಅವನಿಗೇನು ಗೊತ್ತು? ಅವಳು ಬಂದು ಕೈ ತೊಳೆಯುವಾಗ ಎರಡೂ ಕೈ ನೋಡುತ್ತೇನೆ. ಆಮೇಲೆ ಒಳಗೆ ಹೋಗುತ್ತೇನೆ.

ಇವತ್ತು ಬೆಳಿಗ್ಗೆ ಕಸ ಗುಡಿಸಲು ಹೋದರೆ ಹೊಸ ಕಸಬರಿಗೆ ಅರ್ಧ ಬೋಳಾಗಿದೆ. ಅವಳನ್ನು ಕರೆದು ಕೇಳಿದೆ.

"ನಾನೇ ಒಯ್ತೀನ್ರಿ, ಲ್ಯಾಬಿಗೆ."

"ಅಷ್ಟೆಲ್ಲ ಯಂತ್ರ ಅದಾವಲ್ಲ, ಕಡ್ಡಿ ಯಾಕ?"

"ಯಂತ್ರ ಅದಾವ್ರಿ. ಮಾವಾರ ಕಡ್ಡೀನೂ ಇರ್ಲಿ."

ನಾನು ಬೋಳು ಕಸಬರಿಗೆಯಿಂದಲೇ ಗುಡಿಸಿದೆ.

ಈಗ ಲೋಟದ ವಿಷಯ, ಅಧ್ಯಕ್ಷರೇ. ಟೇಬಲ್ಲಿನ ಮೇಲಿಂದ ನೀರೆತ್ತಿಕೊಂಡು ಕುಡಿಯುವ ಪದ್ಧತಿ ನನಗಿಲ್ಲ. ಮಂದಾಕಿನಿ, ಏಳು. ಕಣ್ಣು ಆಮೇಲೆ ಒರೆಸಿಕೋ. ಬಂದು ನಿನ್ನ ಕೈಯಿಂದ ಕೊಡು. ಮೊದಲು ಎರಡೂ ಕೈ ತೋರಿಸು. ಸರಿ. ಕೊಡು.

ಕುಡಿದೆ. ನಮ್ಮ ನಲ್ಲಿಯ ಮಂಜೀರಾ ನೀರಿಗಿಂತ ಸಪ್ಪೆ.

ಚಪ್ಪಾಳೆ ಸಾಕು. ಪ್ರಹ್ಲಾದಾ, ಮನೆಗೆ ಹೋಗುವಾಗ ಕಸಬರಿಗೆ ತಗೋ. ಎರಡು ತಗೋ. ಒಂದು ಗುಡಿಸಲಿಕ್ಕೆ.

ಮುದುಕಿಯ ಮಾತು ಕೇಳಿದ ನಿಮಗೆಲ್ಲ ಧನ್ಯವಾದ. ಊಟಕ್ಕೆ ಏಳಬಹುದು. ನಮಸ್ಕಾರ.