ವಾಪಸ್ ಬರೋದಾ?

ಮಧ್ಯಾಹ್ನವೇ ದೀಪ ಹಾಕಿಸುವಂಥ ಮಳೆ. ಕ್ರೇನುಗಳು ನಿಂತಿದ್ದವು; ಬಂದರಿನ ಕ್ಯಾಂಟೀನಿನಲ್ಲಿ ನಾವು ಏಳೆಂಟು ಜನ ಒದ್ದೆ ಬಟ್ಟೆಯಲ್ಲೇ ಕೂತಿದ್ದೆವು. ಯಾರೋ ಗೋಡೆಯ ಮೇಲಿದ್ದ ಹಡಗು ಕಂಪನಿಯ ಹಳೆಯ ಧಣಿಯ ಫೋಟೋ ತೋರಿಸಿ ‘ಪುಣ್ಯಾತ್ಮ’ ಎಂದರು. ವಯರ್‌ಲೆಸ್ ಅಜ್ಜಿ ಲೋಟ ಕುಕ್ಕಿದಳು. ಮೂವತ್ತು ವರ್ಷ ಆ ಕಂಪನಿಯ ಹಡಗುಗಳ ಸಂದೇಶ ಕೇಳಿದ ಕಿವಿ ಅವಳದು.

“ಪುಣ್ಯಾತ್ಮನಾ? ಕೇಳ್ರೋ ಇಲ್ಲಿ. ಅವನದೊಂದು ಹಳೇ ಹಡಗಿತ್ತು, ತಳದ ತಗಡು ಬೆರಳಲ್ಲಿ ಒತ್ತಿದ್ರೆ ತೂತಾಗ್ತಿತ್ತು, ಅದಕ್ಕೆ ಬಣ್ಣ ಬಳಿದು ಇಪ್ಪತ್ತೆರಡು ಜನರನ್ನ ಹತ್ತಿಸಿ ಕಳಿಸ್ದ. ಕಪ್ತಾನ ಯಾರು ಗೊತ್ತಾ? ಅವನ ಸ್ವಂತ ತಂಗಿ ಮಗ! ಎರಡನೇ ದಿನ ಬೆಳಿಗ್ಗೆ ಸಂದೇಶ ಬಂತು... ‘ನೀರು ನುಗ್ತಿದೆ ಮಾವ, ವಾಪಸ್ ಬರೋದಾ?’ ಚೀಟಿ ಹಿಡ್ಕೊಂಡು ಮೇಲೆ ಓಡ್ದೆ. ಧಣಿ ಓದಿ, ಕನ್ನಡಕ ಒರೆಸ್ಕೊಂಡು, ‘ಉತ್ತರ ಕೊಡಬೇಡ. ಪುಕ್ಕಲ ಅವನು, ನಾನು ಹೇಳದೆ ತಿರುಗೋ ಧೈರ್ಯ ಇಲ್ಲ, ತಾನಾಗೇ ಮುಂದೆ ಹೋಗ್ತಾನೆ’ ಅಂದ. ಕೆಳಗೆ ಬಂದು ಯಂತ್ರದ ಮುಂದೆ ಕೂತೆ. ನನ್ನ ಬೆರಳು ಗುಂಡಿ ಮೇಲೇ ಇತ್ತು, ಒತ್ತಬಹುದಿತ್ತು... ಒತ್ತಲಿಲ್ಲ. ಆ ಹುಡುಗ ಹನ್ನೊಂದು ಸಲ ಕೇಳ್ದ ಕಣ್ರೋ. ಆಮೇಲೆ ಸದ್ದಿಲ್ಲ.

ಒಂದು ಹೆಣಾನೂ ಸಿಗ್ಲಿಲ್ಲ. ಧಣಿ ತಂಗಿ ಮುಂದೆ ಗೊಳೋ ಅಂತ ಅತ್ತಿದ್ದು ಪೇಪರಲ್ಲಿ ಬಂತು, ಥೂ! ವಾರ ಕಳೀತು ನೋಡಿ, ಬೆಳಿಗ್ಗೆ ಅದೇ ಹೊತ್ತಿಗೆ ಯಂತ್ರ ಟಕಟಕ ಅಂತು. ‘ಮಾವ, ವಾಪಸ್ ಬರೋದಾ?’ ಧಣಿ ಇಳಿದು ಬಂದು ವಯರು ಕಿತ್ತು ಬಿಸಾಕ್ದ. ಮಾರನೇ ದಿನ ವಯರಿಲ್ಲದೇನೂ ಕೇಳಿಸ್ತು. ಒಂದು ತಿಂಗಳು ಹೇಗೋ ತಡ್ಕೊಂಡ, ಕೊನೆಗೊಂದಿನ ಮೇಜು ಗುದ್ದಿ ‘ಬಂದು ಸಾಯ್ರೋ!’ ಅಂತ ಅರಚ್ದ. ಅವರು ಕಾಯ್ತಿದ್ದದ್ದು ಅಷ್ಟಕ್ಕೇ ಅಲ್ವಾ? ಮಧ್ಯಾಹ್ನ ಊಟಕ್ಕೆ ಕರೆಯೋಕೆ ಹೋದ್ರೆ ಒಳಗಿಂದ ಚಿಲಕ. ಬಾಗಿಲು ಒಡೆದ್ವಿ. ಕುರ್ಚಿಯಲ್ಲೇ ಸತ್ತು ಕೂತಿದ್ದ, ಬಟ್ಟೆ ಮೇಲೆ ಒಂದು ಹನಿ ಇಲ್ಲ... ಡಾಕ್ಟರು ಕುಯ್ದು ನೋಡಿದ್ರೆ ಎದೆ ತುಂಬ ಸಮುದ್ರದ ನೀರು!”

ಅಜ್ಜಿ ಫೋಟೋದತ್ತ ಒಮ್ಮೆ ನೋಡಿ ಲೋಟ ದೂರ ತಳ್ಳಿದಳು.

“ಧಣಿ ಮಗ ಮಹಾ ಬುದ್ಧಿವಂತ. ಆಫೀಸನ್ನ ಸಮುದ್ರದಿಂದ ನೂರು ಮೈಲಿ ಆಚೆಗೆ ಒಯ್ದ, ಮೂರನೇ ಮಹಡಿಯಲ್ಲಿ ಕೂತ. ಕಳಿಸೋ ಹಡಗು ಮಾತ್ರ ಅಂಥವೇ. ಹೋದ ವರ್ಷ ಮುಳುಗಿದ್ದು ಯಾರದು ಅಂದ್ಕೊಂಡ್ರಿ? ಮೊನ್ನೆ ಅಲ್ಲಿ ಮೆಟ್ಟಿಲು ಒರೆಸೋಳು ಫೋನ್ ಮಾಡಿದ್ಲು. ‘ಅಕ್ಕಾ, ಎಷ್ಟು ಒರೆಸಿದ್ರೂ ಒದ್ದೆ ಹೆಜ್ಜೆ, ಒಣಗಿದ್ರೆ ಬಿಳೀ ಉಪ್ಪು... ದಿನಾ ಒಂದೊಂದು ಮೆಟ್ಟಿಲು ಮೇಲೆ.’ ಎಲ್ಲೀವರೆಗೆ ಬಂದ್ರು ಅಂದೆ. ‘ಎರಡನೇ ಮಹಡಿ ದಾಟಿದೆ.’

ಒರೆಸಬೇಡ ತಾಯಿ... ಪಕ್ಕಕ್ಕೆ ಸರಿದು ದಾರಿ ಬಿಡು ಅಂದೆ.”